ನಕ್ಷೆಯ ಮೇಲಿನ ಆಟ, ಹಡಗಿನಲ್ಲಿ ಬರುವ ಆಟ: ಏಜ್ ಆಫ್ ಎಂಪೈರ್ಸ್ 2 ಎದುರು 3

ಏಜ್ ಆಫ್ ಎಂಪೈರ್ಸ್ ಎಂದರೆ ಊರು ಕಟ್ಟಿ, ಸೈನ್ಯ ಬೆಳೆಸಿ ಎದುರಾಳಿಯನ್ನು ಸೋಲಿಸುವ ಕಂಪ್ಯೂಟರ್ ಆಟ. ಮೊದಲೇ ಹೇಳಿಬಿಡುತ್ತೇನೆ: ಒಂದನ್ನೇ ಕೊಳ್ಳುವುದಾದರೆ 2 ಕೊಳ್ಳಿ. 3 ಕೆಟ್ಟ ಆಟವಲ್ಲ. ಹಲವು ಕಡೆ 2ಕ್ಕಿಂತ ಚುರುಕು, ನೋಡಲೂ ಚೆನ್ನ. ಆದರೆ 2 ಯಾವ ಕಾರಣಕ್ಕೆ ಜನರ ಕೈಬಿಡದೆ ಉಳಿಯಿತೋ ಆ ಕಾರಣವನ್ನೇ ಕಿತ್ತಿಟ್ಟು 3 ಕಟ್ಟಿದ್ದಾರೆ. 2ರಲ್ಲಿ ಯಾಕೆ ಗೆದ್ದಿರಿ, ಯಾಕೆ ಸೋತಿರಿ ಎನ್ನುವುದು ನಕ್ಷೆಯ ಮೇಲೇ ಬಿದ್ದಿರುತ್ತದೆ. 3ರಲ್ಲಿ ಅರ್ಧ ಆಟ ಸಮುದ್ರದಾಚೆ ನಡೆಯುತ್ತದೆ.

2 ಬಂದದ್ದು 1999ರಲ್ಲಿ, 3 ಬಂದದ್ದು 2005ರಲ್ಲಿ. ಎರಡನ್ನೂ ಮಾಡಿದ್ದು ಎನ್ಸೆಂಬಲ್ ಸ್ಟುಡಿಯೋಸ್. ಈಗ ಕೊಳ್ಳುವವರ ಕೈಗೆ ಸಿಗುವುದು ಹೊಸದಾಗಿ ಸಜ್ಜುಗೊಳಿಸಿದ ಡೆಫಿನಿಟಿವ್ ಎಡಿಷನ್: 2ರದ್ದು 2019ರ ನವೆಂಬರ್‌ನಲ್ಲಿ, 3ರದ್ದು 2020ರ ಅಕ್ಟೋಬರ್‌ನಲ್ಲಿ ಬಂತು. ಇಲ್ಲಿ ಹೋಲಿಸಿರುವುದು ಅವೆರಡನ್ನೇ. ರಾಮ್, ಗ್ರಾಫಿಕ್ಸ್ ಕಾರ್ಡ್ ಲೆಕ್ಕವೆಲ್ಲ ಸ್ಟೋರ್ ಪುಟದಲ್ಲೇ ಸಿಗುತ್ತದೆ, ಅದಕ್ಕೆ ಕೈ ಹಾಕಿಲ್ಲ.

ಮೊದಲ ಹತ್ತು ನಿಮಿಷ

2ರಲ್ಲಿ ಶುರುವಿಗೆ ಸಾಮಾನ್ಯವಾಗಿ ಮೂರು ವಿಲೇಜರ್ (ದುಡಿಯುವ ಊರವರು), ನಕ್ಷೆ ಹುಡುಕಲು ಒಬ್ಬ ಸ್ಕೌಟ್, ವಿಲೇಜರ್‌ಗಳು ಹುಟ್ಟುವ ಒಂದು ಟೌನ್ ಸೆಂಟರ್. ಕೈಯಲ್ಲಿ 200 ಆಹಾರ, 200 ಮರ, 100 ಚಿನ್ನ, 200 ಕಲ್ಲು. ಒಬ್ಬ ವಿಲೇಜರ್‌ಗೆ 50 ಆಹಾರ, 25 ಸೆಕೆಂಡ್. ಅಂದರೆ ಇರುವ ಆಹಾರದಲ್ಲಿ ನಾಲ್ಕೇ ಜನ. ಐದನೆಯವನ ಹೊತ್ತಿಗೆ ಕುರಿ ಸಿಕ್ಕಿರಲೇಬೇಕು. ಆಟ ಶುರುವಾದ ತಕ್ಷಣ ವಿಲೇಜರ್‌ಗಳನ್ನು ಸರದಿಗೆ ಹಾಕಿ, ಮೂವರಲ್ಲಿ ಇಬ್ಬರಿಂದ 25 ಮರದ ಮನೆಗಳನ್ನು ಕಟ್ಟಿಸಿ, ಸ್ಕೌಟ್‌ನನ್ನು ಟೌನ್ ಸೆಂಟರ್ ಸುತ್ತ ಓಡಿಸಿ. ಮೊದಲ ಆರು ಜನ ಕುರಿಗೆ, ಮುಂದಿನ ನಾಲ್ವರು ಮರಕ್ಕೆ, ಆಮೇಲಿನವನು ಹಂದಿಗೆ, ನಂತರದವರು ಮಿಲ್ ಕಟ್ಟಿ ಹಣ್ಣಿನ ಪೊದೆಗೆ.

ಸ್ಕೌಟ್ ಕುದುರೆಗಳಿಂದ ದಾಳಿ ಮಾಡುವ ಯೋಜನೆ ಇದ್ದರೆ 21 ಪಾಪ್‌ಗೆ, ಅಂದರೆ 20 ವಿಲೇಜರ್ ಮತ್ತು ಒಬ್ಬ ಸ್ಕೌಟ್ ಇರುವಾಗ, ಎರಡನೆಯ ಯುಗವಾದ ಫ್ಯೂಡಲ್ ಏಜ್‌ಗೆ ಏರಲು ಒತ್ತುತ್ತಾರೆ. ಲೆಕ್ಕ ನೋಡಿ: ಹುಟ್ಟಬೇಕಾದ ವಿಲೇಜರ್ 17, ಒಬ್ಬರಿಗೆ 25 ಸೆಕೆಂಡ್‌ನಂತೆ 425 ಸೆಕೆಂಡ್. ವಿಲೇಜರ್‌ಗಳ ಜೀವ ಹೆಚ್ಚಿಸುವ ಲೂಮ್ ಎಂಬ ಸುಧಾರಣೆಗೆ ಇನ್ನು 25. ಒಟ್ಟು 7 ನಿಮಿಷ 30 ಸೆಕೆಂಡ್. ಗಡಿಯಾರ 8:10 ತೋರಿಸುವಾಗ ಒತ್ತಿದಿರಿ ಎಂದರೆ ನಿಮ್ಮ ಟೌನ್ ಸೆಂಟರ್ 40 ಸೆಕೆಂಡ್ ಸುಮ್ಮನೆ ಕೂತಿತ್ತು. ಮನೆ ಕಟ್ಟಲು ಮರೆತಿರಬೇಕು, ಇಲ್ಲ ಆಹಾರ ತೀರಿರಬೇಕು, ಮೂರನೆಯ ಕಾರಣ ಇರುವುದು ಅಪರೂಪ. ರಿಪ್ಲೇ ತೆಗೆದರೆ ಆ 40 ಸೆಕೆಂಡ್ ಎಲ್ಲಿ ಹೋಯಿತು ಎಂದು ಬೆರಳಿಟ್ಟು ತೋರಿಸಬಹುದು.

ಹಂದಿ ವಿಚಾರದಲ್ಲಿ ಹೊಸಬರು ಮಾಡುವ ತಪ್ಪು ಒಂದೇ ಬಗೆಯದು. ಒಂದು ಹಂದಿಯಲ್ಲಿ 340 ಆಹಾರ, ಕುರಿಯಲ್ಲಿ 100. ವಿಲೇಜರ್ ಹಂದಿಗೆ ಬಾಣ ಹೊಡೆದು ಟೌನ್ ಸೆಂಟರ್ ಕಡೆ ಓಡಬೇಕು, ಹಂದಿ ಅಟ್ಟಿಸಿಕೊಂಡು ಬರುತ್ತದೆ. ಲೂಮ್ ಇಲ್ಲದ ವಿಲೇಜರ್‌ಗೆ ಇರುವುದು 25 ಜೀವ. ಹಿಂದಿನಿಂದ ನಾಲ್ಕು ಪೆಟ್ಟು ಬಿದ್ದರೆ ಮುಗಿಯಿತು. ಹಾಗಾಗಿ ಬಾಣ ಬಿಟ್ಟ ಮೇಲೆ ನಿಲ್ಲಬೇಡಿ. ಟೌನ್ ಸೆಂಟರ್ ತಲುಪಿದ ಮೇಲೆ ಅವನನ್ನು ಒಳಗೆ ಕಳಿಸಿ, ಕುರಿ ಕಡಿಯುತ್ತಿದ್ದವರೆಲ್ಲರನ್ನೂ ಹಂದಿಯ ಮೇಲೆ ಬಿಡಿ. ಮೊದಲ ಹಂದಿಯಲ್ಲಿ ನೂರು, ನೂರೈವತ್ತು ಆಹಾರ ಉಳಿದಿರುವಾಗಲೇ ಎರಡನೆಯದಕ್ಕೆ ಜನ ಹೊರಡಬೇಕು.

2ರಲ್ಲಿ ವಿಲೇಜರ್ ತೆಗೆದದ್ದನ್ನು ಹೊತ್ತು ಟೌನ್ ಸೆಂಟರ್‌ಗೋ ಹತ್ತಿರದ ಕ್ಯಾಂಪ್‌ಗೋ ನಡೆದು ಹಾಕಬೇಕು. 3ರಲ್ಲಿ ಆ ನಡೆದಾಟವೇ ಇಲ್ಲ. ಲಂಬರ್ ಕ್ಯಾಂಪ್ ಇಲ್ಲ, ಮೈನಿಂಗ್ ಕ್ಯಾಂಪ್ ಇಲ್ಲ, ಹೊತ್ತು ತಂದು ಹಾಕುವ ಜಾಗವೂ ಇಲ್ಲ. ವಿಲೇಜರ್ ಎಲ್ಲಿ ನಿಂತು ಕಡಿದರೂ ಮರ ನೇರ ಖಜಾನೆಗೆ. ಕಲ್ಲು ಎನ್ನುವ ಸಂಪನ್ಮೂಲವನ್ನೇ ತೆಗೆದುಹಾಕಿದ್ದಾರೆ. ಆಹಾರ, ಮರ, ಕಾಯಿನ್ (ನಾಣ್ಯ) ಮೂರೇ. ಶುರುವಿನಲ್ಲಿ ಟೌನ್ ಸೆಂಟರ್ ಪಕ್ಕ ಪೆಟ್ಟಿಗೆಗಳಿರುತ್ತವೆ. ಮೊದಲು ಆಹಾರದ ಪೆಟ್ಟಿಗೆ ಒಡೆದು 100 ಆಹಾರದ ವಿಲೇಜರ್‌ನನ್ನು ಸರದಿಗೆ ಹಾಕುವುದು ಕ್ರಮ. ಬೇಟೆಯಲ್ಲಿ ಮಾತ್ರ ಒಂದು ಸೊಗಸಿದೆ: ಹೊಡೆದಾಗ ಹಿಂಡು ಹೊಡೆದವನಿಂದ ದೂರ ಓಡುತ್ತದೆ. ಆದ್ದರಿಂದ ವಿಲೇಜರ್ ಸುತ್ತು ಹಾಕಿ ಹೋಗಿ ಆಚೆ ಬದಿಯಿಂದ ಹೊಡೆದರೆ ಹಿಂಡು ನಿಮ್ಮ ಟೌನ್ ಸೆಂಟರ್ ಕಡೆಗೇ ಓಡಿಬರುತ್ತದೆ. ತಿಳಿಯದೆ ಈಚೆಯಿಂದ ಹೊಡೆದವರ ವಿಲೇಜರ್‌ಗಳು ಐದು ನಿಮಿಷದ ಹೊತ್ತಿಗೆ ಎದುರಾಳಿಯ ಬಾಗಿಲಲ್ಲಿ ನಿಂತಿರುತ್ತಾರೆ.

ಹೊತ್ತು ನಡೆಯುವ ಕೆಲಸ ತೆಗೆದದ್ದು ಸುಧಾರಣೆ ಎಂದು 3ರ ಪರ ವಾದಿಸುವವರು ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. 2ರಲ್ಲಿ ವಿಲೇಜರ್ ಒಮ್ಮೆಗೆ ಹೊರುವುದು 10 ಮರ. ಕಡಿಯುತ್ತ ಹೋದಂತೆ ಕಾಡಿನ ಅಂಚು ಹಿಂದೆ ಸರಿಯುತ್ತದೆ, ನಡೆಯುವ ದೂರ ಬೆಳೆಯುತ್ತದೆ. ಅದೇ 12 ಜನ ಮರದ ಮೇಲಿದ್ದರೂ ಬರುವ ಮರ ಕಡಿಮೆಯಾಗುತ್ತ ಬರುತ್ತದೆ. 100 ಮರ ಖರ್ಚು ಮಾಡಿ ಕಾಡಿಗೆ ಅಂಟಿಸಿ ಹೊಸ ಕ್ಯಾಂಪ್ ಹಾಕಿದರೆ ಮತ್ತೆ ಸರಿಹೋಗುತ್ತದೆ. ಇದು ಕಣ್ಣಿಟ್ಟು ಆಡುವವನಿಗೆ ಸಿಗುವ ಕೂಲಿ. 3ರಲ್ಲಿ ಕಣ್ಣಿಡುವುದಕ್ಕೆ ಅಲ್ಲಿ ಏನೂ ಇಲ್ಲ.

ಚಿನ್ನ ತೀರುವುದು, ತೀರದಿರುವುದು

2ರಲ್ಲಿ ಹೊಲಕ್ಕೆ 60 ಮರ, ಅದು ಕೊಡುವುದು 175 ಆಹಾರ, ಹಾರ್ಸ್ ಕಾಲರ್ ಎಂಬ ಸುಧಾರಣೆ ಮಾಡಿದರೆ 250. ಮುಗಿದ ಮೇಲೆ ಮತ್ತೆ ಬಿತ್ತಬೇಕು. ಡೆಫಿನಿಟಿವ್ ಎಡಿಷನ್‌ನಲ್ಲಿ ಅದು ತಾನಾಗಿಯೇ ನಡೆಯುತ್ತದೆ, ಆದರೆ ಮರ ಹೋಗುವುದು ತಪ್ಪುವುದಿಲ್ಲ. 3ರಲ್ಲಿ 400 ಮರದ ಮಿಲ್ ಒಂದರಲ್ಲಿ ಹತ್ತು ಜನ ಕೊನೆಯವರೆಗೆ ಆಹಾರ ತೆಗೆಯುತ್ತಾರೆ, 800 ಮರದ ಪ್ಲಾಂಟೇಶನ್‌ನಲ್ಲಿ ಹತ್ತು ಜನ ಕೊನೆಯವರೆಗೆ ಕಾಯಿನ್ ತೆಗೆಯುತ್ತಾರೆ.

ಎರಡು ಆಟಗಳ ಕೊನೆಯ ಭಾಗ ಬೇರೆಯಾಗುವುದು ಇಲ್ಲೇ. 2ರಲ್ಲಿ ಗಣಿಯ ಚಿನ್ನ ತೀರುತ್ತದೆ. ಆಮೇಲೆ ಇರುವ ದಾರಿ ಮಾರುಕಟ್ಟೆ, ಜೊತೆಗಾರನ ಜೊತೆ ವ್ಯಾಪಾರದ ಗಾಡಿ, ಮತ್ತು ಒಂದಕ್ಕೆ ಸೆಕೆಂಡಿಗೆ ಅರ್ಧ ಚಿನ್ನ ಕೊಡುವ ರೆಲಿಕ್‌ಗಳು, ಅಂದರೆ ನಕ್ಷೆಯಲ್ಲಿ ಅಲ್ಲಲ್ಲಿ ಬಿದ್ದಿರುವ ಪವಿತ್ರ ವಸ್ತುಗಳು. ಒಬ್ಬರಿಗೊಬ್ಬರ ಪಂದ್ಯದಲ್ಲಿ ವ್ಯಾಪಾರವೂ ಇಲ್ಲ. ಆದ್ದರಿಂದ ಕೊನೆಗೆ ಚಿನ್ನ ಬೇಡದ ಈಟಿಯವರು, ದೂರದಿಂದ ಹೊಡೆಯುವ ಹಗುರ ಕಾಲಾಳುಗಳಾದ ಸ್ಕರ್ಮಿಷರ್‌ಗಳು, ಹಗುರ ಕುದುರೆಯವರು ಮಾತ್ರ ಉಳಿದು ಹೊಡೆದಾಡುತ್ತಾರೆ. ಹದಿನೈದನೆಯ ನಿಮಿಷದಲ್ಲಿ ಮಾಂಕ್ ಕಳಿಸಿ ಮೂರು ರೆಲಿಕ್ ಎತ್ತಿಟ್ಟವನಿಗೆ ಐವತ್ತನೆಯ ನಿಮಿಷದಲ್ಲಿ ಚಿನ್ನ ಬೇಡುವ ಭಾರಿ ಕುದುರೆಯವರಾದ ನೈಟ್‌ಗಳು ಇರುತ್ತವೆ, ಇನ್ನೊಬ್ಬನಿಗೆ ಇರುವುದಿಲ್ಲ. 3ರಲ್ಲಿ ಪ್ಲಾಂಟೇಶನ್ ನಿಂತ ಮೇಲೆ ನಕ್ಷೆಯ ಮಧ್ಯದ ಗಣಿಗೆ ಹೊಡೆದಾಡುವ ಅಗತ್ಯ ಕರಗಿಹೋಗುತ್ತದೆ.

ಹೋಮ್ ಸಿಟಿ ಎಂಬ ಮುಳ್ಳು

3ರಲ್ಲಿ ನಿಮ್ಮ ನೆಲೆ ಹೊಸ ಖಂಡದಲ್ಲಿ, ಹೋಮ್ ಸಿಟಿ ಎಂಬ ರಾಜಧಾನಿ ಸಾಗರದಾಚೆ. ಕಟ್ಟಿದಾಗ, ಸೈನಿಕರನ್ನು ತಯಾರಿಸಿದಾಗ, ಶತ್ರುವನ್ನು ಕೊಂದಾಗ, ನಿಧಿ ಎತ್ತಿದಾಗ ಅನುಭವದ ಅಂಕ ಬರುತ್ತದೆ. ಅಂಕ ತುಂಬಿದಾಗಲೆಲ್ಲ ರಾಜಧಾನಿಯಿಂದ ಒಂದು ಶಿಪ್‌ಮೆಂಟ್: ಮೂವರು ವಿಲೇಜರ್, 700 ಮರ, ಒಂದಷ್ಟು ಮಸ್ಕೆಟಿಯರ್ (ಬಂದೂಕಿನ ಕಾಲಾಳು), ಏನಾದರೂ. ಪ್ರತಿ ಶಿಪ್‌ಮೆಂಟ್ ಒಂದು ಕಾರ್ಡ್. ಕಾರ್ಡ್‌ಗಳ ಡೆಕ್ ಅನ್ನು ಪಂದ್ಯಕ್ಕೆ ಮೊದಲೇ ಕಟ್ಟಿಟ್ಟಿರಬೇಕು.

2005ರ ಮೂಲ ಆಟದಲ್ಲಿ ಇದು ಇನ್ನೂ ಕೆಟ್ಟದಾಗಿತ್ತು. ಆಡಿ ಆಡಿ ರಾಜಧಾನಿಯ ಮಟ್ಟ ಏರಿಸಿದರೆ ಮಾತ್ರ ಒಳ್ಳೆಯ ಕಾರ್ಡ್‌ಗಳು ತೆರೆಯುತ್ತಿದ್ದವು. ಒಂದು ನಾಗರಿಕತೆಯ ಮಟ್ಟ ಏರಿಸಿದ್ದು ಇನ್ನೊಂದಕ್ಕೆ ಉಪಯೋಗಕ್ಕಿಲ್ಲ. ಹೊಸಬ ಬ್ರಿಟಿಷರನ್ನು ಬಿಟ್ಟು ರಷ್ಯನ್ನರನ್ನು ಆಡಿ ನೋಡೋಣ ಎಂದರೆ ಬರಿಗೈ. ಎದುರಿಗಿದ್ದವನು ನಿಮಗಿಂತ ಚೆನ್ನಾಗಿ ಆಡುತ್ತಾನೋ, ಹೆಚ್ಚು ಹೊತ್ತು ಆಡಿದ್ದಾನೋ ಹೇಳುವುದೇ ಕಷ್ಟ. 2 ಆಡಿ ಬಂದವರು ಅಲ್ಲೇ ಎದ್ದು ಹೋದರು ಎಂದರೆ ಅವರನ್ನು ದೂರುವಂತಿಲ್ಲ. ಡೆಫಿನಿಟಿವ್ ಎಡಿಷನ್ ಇದನ್ನು ಸರಿಮಾಡಿದೆ: ಎಲ್ಲ ಕಾರ್ಡ್ ಮೊದಲ ದಿನದಿಂದಲೇ ತೆರೆದಿವೆ, ಡೆಕ್‌ನ ಗಾತ್ರ 20ರಿಂದ 25ಕ್ಕೆ ಏರಿದೆ, ಮಟ್ಟ ಏರಿಸಿದರೆ ಸಿಗುವುದು ಅಲಂಕಾರ ಮಾತ್ರ.

ಸರಿಹೋಗದೆ ಉಳಿದದ್ದು ಬೇರೆ. ಡೆಕ್ ಆರಿಸಿ ಪಂದ್ಯಕ್ಕೆ ಇಳಿದ ಮೇಲೆ ಅದಕ್ಕೆ ಹೊಸ ಕಾರ್ಡ್ ಸೇರಿಸುವಂತಿಲ್ಲ. ನಕ್ಷೆ ನೀರಿನದ್ದೋ ನೆಲದ್ದೋ, ಎದುರಾಳಿ ಬೇಗ ನುಗ್ಗುವವನೋ ಕಾಯುವವನೋ, ಇದನ್ನೆಲ್ಲ ಊಹಿಸಿ ಮೊದಲೇ ಕಟ್ಟಬೇಕು. ಹೆಚ್ಚಿನ ಕಾರ್ಡ್‌ಗಳನ್ನು ಒಮ್ಮೆ ಮಾತ್ರ ಕಳಿಸಬಹುದು. ಹಡಗಿನ ಕಾರ್ಡ್‌ಗಳನ್ನು ಬಿಟ್ಟು ಬಂದವನು ನೀರಿನ ನಕ್ಷೆಯಲ್ಲಿ ಸಿಕ್ಕಿಕೊಂಡರೆ ಆಟದೊಳಗೆ ಅದಕ್ಕೆ ಮದ್ದಿಲ್ಲ. ಅವನು ಸೋತದ್ದು ಮೆನುವಿನಲ್ಲಿ.

ಇನ್ನೊಂದು, ನನಗೆ ಹೆಚ್ಚು ಚುಚ್ಚುವುದು: ಸ್ಕೌಟಿಂಗ್‌ಗೆ ಬೆಲೆ ಇಳಿದದ್ದು. 2ರಲ್ಲಿ ಎದುರಾಳಿಯ ಊರಿಗೆ ಸ್ಕೌಟ್ ಹೋಗಿ ಎರಡು ಆರ್ಚರಿ ರೇಂಜ್ ಕಂಡರೆ ಬಿಲ್ಲುಗಾರರು ಬರುತ್ತಾರೆ ಎಂದರ್ಥ. ಸ್ಟೇಬಲ್ ಕಂಡರೆ ಕುದುರೆ. 3ರಲ್ಲೂ ಕಟ್ಟಡ ಕಾಣುತ್ತದೆ, ಆದರೆ ಕಾಲಾಳು ತಯಾರಿಸುವ ಬ್ಯಾರಕ್ಸ್ ಒಂದೇ ಇರುವವನ ಊರಿಗೆ ಮುಂದಿನ ನಿಮಿಷ ಕುದುರೆ ದಂಡು ಬಂದಿಳಿಯಬಹುದು. ಒತ್ತಿದ ಸುಮಾರು 40 ಸೆಕೆಂಡ್‌ಗೆ ಶಿಪ್‌ಮೆಂಟ್ ತಲುಪುತ್ತದೆ. ನಕ್ಷೆಯಲ್ಲಿ ಅದಕ್ಕೆ ಸ್ಟೇಬಲ್‌ನ ಗುರುತು ಬೇಕಿಲ್ಲ.

ಉರುಮಿಯನ್ನೇ ನೋಡಿ. ಎರಡೂ ಆಟಗಳಲ್ಲಿ ಆ ಸುರುಳಿ ಕತ್ತಿ ಹಿಡಿದ ಕಾಲಾಳು ಇದ್ದಾನೆ. 2ಕ್ಕೆ 2022ರ ಏಪ್ರಿಲ್‌ನಲ್ಲಿ ಬಂದ ಡೈನಾಸ್ಟೀಸ್ ಆಫ್ ಇಂಡಿಯಾದಲ್ಲಿ ಅವನು ದ್ರಾವಿಡಿಯನ್ಸ್ ನಾಗರಿಕತೆಯ ವಿಶೇಷ ಯೋಧ. ಬೇಕೆಂದರೆ ಮೂರನೆಯ ಯುಗವಾದ ಕ್ಯಾಸಲ್ ಏಜ್ ತಲುಪಿ, 650 ಕಲ್ಲು ಕೂಡಿಸಿ, ಕೋಟೆ ಕಟ್ಟಬೇಕು. ಕಲ್ಲು ತೆಗೆಯುವ ವಿಲೇಜರ್‌ಗಳು ಕಾಣುತ್ತಾರೆ, ಏಳುತ್ತಿರುವ ಕೋಟೆ ಕಾಣುತ್ತದೆ, ಎದುರಾಳಿಗೆ ತಡೆಯಲು ಸಮಯವೂ ಇದೆ. 3ಕ್ಕೆ 2007ರ ಏಷ್ಯನ್ ಡೈನಾಸ್ಟೀಸ್‌ನಲ್ಲಿ ಇಂಡಿಯನ್ಸ್ ಬಂದಾಗ ಉರುಮಿಯವರು ಇಳಿಯುತ್ತಿದ್ದದ್ದು ಶಿಪ್‌ಮೆಂಟ್ ಕಾರ್ಡ್‌ನಿಂದ. ಹೆಸರು ಒಂದೇ, ಒಬ್ಬನನ್ನು ಮೊದಲೇ ಕಂಡು ತಡೆಯಬಹುದು, ಇನ್ನೊಬ್ಬನನ್ನು ಇಳಿದ ಮೇಲಷ್ಟೇ ನೋಡಬಹುದು.

ಹಾಗೆಂದು ಕಾರ್ಡ್ ವ್ಯವಸ್ಥೆ ಪೂರ್ತಿ ದಂಡವಲ್ಲ. 2ರಲ್ಲಿ ಮೊದಲ ದಾಳಿಗೆ ಆರು ವಿಲೇಜರ್ ಸತ್ತರೆ ಚೇತರಿಸಿಕೊಳ್ಳುವುದು ತೀರಾ ಕಷ್ಟ. 3ರಲ್ಲಿ ಹಿಂದೆ ಬಿದ್ದವನಿಗೂ ಹೋರಾಡುತ್ತಿದ್ದರೆ ಅಂಕ ಬರುತ್ತಲೇ ಇರುತ್ತದೆ, ಒಂದು 700 ಮರದ ಕಾರ್ಡ್ ಅವನನ್ನು ಮತ್ತೆ ನಿಲ್ಲಿಸುತ್ತದೆ. ಟೌನ್ ಸೆಂಟರ್‌ನಿಂದ ಮಿನಿಟ್‌ಮೆನ್ ಎಂಬ ತುರ್ತು ಸೈನಿಕರನ್ನು ಕರೆಯುವ ಸೌಲಭ್ಯವೂ ಇದೆ, ಆದರೆ ಅವರ ಜೀವ ತಾನಾಗಿ ಇಳಿಯುತ್ತ ಹೋಗುತ್ತದೆ. ಶತ್ರು ನಿಜಕ್ಕೂ ಊರೊಳಗೆ ಬಂದಾಗ ಮಾತ್ರ ಒತ್ತಿ.

ಶಿಪ್‌ಮೆಂಟ್ ಇಳಿಯುವ ಜಾಗದ ಬಗ್ಗೆ ಒಂದು ಎಚ್ಚರಿಕೆ. ಅದು ಮೊದಲಿಗೆ ಟೌನ್ ಸೆಂಟರ್‌ಗೆ ಬರುತ್ತದೆ. ಶತ್ರು ಅದನ್ನೇ ಮುತ್ತಿದ್ದರೆ ಹಡಗಿನಿಂದ ಬಂದವರು ಇಳಿದ ಜಾಗದಲ್ಲೇ ಗುಂಡಿಗೆ ಬಲಿ. ಬೇರೊಂದು ಕಟ್ಟಡವನ್ನು, ಉದಾಹರಣೆಗೆ ಮುಂಚೂಣಿಯ ಬ್ಯಾರಕ್ಸ್ ಅನ್ನು, ಇಳಿಯುವ ಜಾಗವಾಗಿ ಗುರುತು ಮಾಡಬಹುದು. ದಾಳಿಗೆ ಹೊರಡುವ ಮೊದಲೇ ಇದನ್ನು ಮಾಡಿಡಿ.

ಕಾಳಗ

2ರ ಲೆಕ್ಕ ಕೂಡು ಕಳೆ. ಪೆಟ್ಟಿನಿಂದ ಕವಚ ಕಳೆದು, ವಿಶೇಷ ಪೆಟ್ಟು ಕೂಡಿಸುವುದು. ಅಪ್‌ಗ್ರೇಡ್ ಇಲ್ಲದ ಈಟಿಯವನ ಪೆಟ್ಟು 3, ಕುದುರೆಯವರ ಮೇಲೆ 15 ಹೆಚ್ಚು. ನೈಟ್‌ನ ಕವಚ 2, ಜೀವ 100. ಒಂದು ತಿವಿತಕ್ಕೆ 16, ಅಂದರೆ ಏಳು ತಿವಿತ. ಈಟಿಯವನು ತಿವಿಯುವುದು ಮೂರು ಸೆಕೆಂಡಿಗೊಮ್ಮೆ. ನೈಟ್ 1.8 ಸೆಕೆಂಡಿಗೊಮ್ಮೆ 10 ಹೊಡೆಯುತ್ತಾನೆ. ಈಟಿಯವನ 45 ಜೀವಕ್ಕೆ ಐದು ಹೊಡೆತ, ಸುಮಾರು ಏಳು ಸೆಕೆಂಡ್. ಹಾಗಾಗಿ ಒಬ್ಬನಿಗೊಬ್ಬ ನಿಂತರೆ ಈಟಿಯವನೇ ಸಾಯುತ್ತಾನೆ. "ಈಟಿ ಕುದುರೆಗೆ ಮದ್ದು ಅಂದ್ರಿ, ನನ್ನ ಈಟಿಯವರೆಲ್ಲ ಸತ್ತರು" ಎನ್ನುವವರು ನೋಡದೆ ಬಿಟ್ಟದ್ದು ಇದನ್ನೇ. ಇಬ್ಬರು ಈಟಿಯವರಿದ್ದರೆ ಮೊದಲನೆಯವನು ಸಾಯುವ ಹೊತ್ತಿಗೆ ಮೂರು ಸುತ್ತಿನಲ್ಲಿ 96 ಪೆಟ್ಟು ಬಿದ್ದಿರುತ್ತದೆ, ಉಳಿದವನ ಮುಂದಿನ ತಿವಿತಕ್ಕೆ ನೈಟ್ ಬೀಳುತ್ತಾನೆ. 35 ಆಹಾರ, 25 ಮರದ ಒಬ್ಬನನ್ನು ಕಳೆದುಕೊಂಡು 60 ಆಹಾರ, 75 ಚಿನ್ನದ ಒಬ್ಬನನ್ನು ತೆಗೆದಂತಾಯಿತು. ಮದ್ದು ಕೆಲಸ ಮಾಡುವುದು ಗುಂಪಿನಲ್ಲಿ.

3ರಲ್ಲಿ ಕವಚ ಶೇಕಡಾ ಲೆಕ್ಕ, ವಿಶೇಷ ಪೆಟ್ಟು ಗುಣಾಕಾರದ ಲೆಕ್ಕ. ಯಾರು ಯಾರಿಗೆ ಮದ್ದು ಎನ್ನುವುದು ಇಲ್ಲಿ ಇನ್ನೂ ಖಾರ: ಭಾರಿ ಕಾಲಾಳು ಕುದುರೆಗೆ, ಕುದುರೆ ಫಿರಂಗಿಗೆ ಮತ್ತು ಸ್ಕರ್ಮಿಷರ್‌ಗೆ, ಫಿರಂಗಿ ಮತ್ತು ಸ್ಕರ್ಮಿಷರ್ ಭಾರಿ ಕಾಲಾಳಿಗೆ. ಮಸ್ಕೆಟಿಯರ್ ಕುದುರೆಯ ಮೇಲೆ ಗುಣಿಸಿ ಹೊಡೆಯುವುದು ಬಯೊನೆಟ್‌ನಿಂದ, ಗುಂಡಿನಿಂದಲ್ಲ. ಕುದುರೆಯ ಹುಸಾರ್‌ಗಳು ಬರುವುದು ಕಂಡ ಕೂಡಲೇ ಕೈಕಾಳಗದ ಭಂಗಿಗೆ ಬದಲಿಸಿ. ಬೆನ್ನು ತೋರಿಸಿ ಓಡುವುದೂ ಇಲ್ಲಿ ಸುಲಭವಲ್ಲ, ಕೈಕಾಳಗದ ಪೆಟ್ಟು ಬಿದ್ದವನ ಓಟ ನಿಧಾನವಾಗುತ್ತದೆ.

ಫಿರಂಗಿ ಕಟ್ಟಡಕ್ಕೆ ಬಡಿದಾಗ ಗೋಡೆಯ ಚೂರುಗಳು ಹಾರುವುದು, ಗುಂಡು ಬಿದ್ದಲ್ಲಿ ಸೈನಿಕರು ಎಗರಿ ಬೀಳುವುದು: ಇದರಲ್ಲಿ 3ಕ್ಕೆ ಪೂರ್ತಿ ಅಂಕ. ಈಗಲೂ ನೋಡಲು ಖುಷಿ.

ಐದೈದು ಸೈನಿಕರನ್ನು ಒಟ್ಟಿಗೆ ತಯಾರಿಸುವುದೂ 3ರ ಒಳ್ಳೆಯ ಯೋಚನೆ. ಐವರಿಗೂ ಒಬ್ಬನಿಗೆ ಹಿಡಿಯುವಷ್ಟೇ ಸಮಯ, ಆದರೆ ಐವರ ಖರ್ಚೂ ಮೊದಲೇ ಕೈಯಲ್ಲಿರಬೇಕು. ಮೂವರನ್ನು ಹಾಕಿ ತಯಾರಿ ಶುರುವಾದ ಮೇಲೆ ಇನ್ನಿಬ್ಬರನ್ನು ಸೇರಿಸಿದರೆ ಅವರು ಮುಂದಿನ ಸರದಿಗೆ ಹೋಗುತ್ತಾರೆ.

ಚಿಲ್ಲರೆ ವಿಷಯ

ಕಲಿಕೆ: 2ರಲ್ಲಿ ನಲವತ್ತಕ್ಕೂ ಹೆಚ್ಚು ನಾಗರಿಕತೆಗಳಿದ್ದರೂ ಬಹುಪಾಲು ಒಂದೇ ಮರದ ಕೊಂಬೆಗಳು, ಒಂದು ಕಲಿತರೆ ಉಳಿದವು ಅರ್ಧ ಬಂದಂತೆ. 3ರಲ್ಲಿ 22 ಇವೆ, ಒಂದೊಂದೂ ಬೇರೆ ಆಟ: ಡಚ್ಚರ ವಿಲೇಜರ್‌ಗೆ ಕಾಯಿನ್, ಇಂಡಿಯನ್ಸ್ ವಿಲೇಜರ್‌ಗೆ ಮರ, ಒಟ್ಟೋಮನ್ನರಿಗೆ ಪುಕ್ಕಟೆ.

ಕಂಪ್ಯೂಟರ್ ಎದುರಾಳಿ: 2ರದ್ದು ಉತ್ತಮ. ಹಳೆಯ ಸಿಡಿ ಕಾಲದ ಎದುರಾಳಿಯನ್ನೂ ಆರಿಸಿಕೊಳ್ಳಬಹುದು, ಹೊಸಬರಿಗೆ ಅದು ಮೆತ್ತನೆ.

ಅಭ್ಯಾಸ: ಎರಡರಲ್ಲೂ ಆರ್ಟ್ ಆಫ್ ವಾರ್ ಪಾಠಗಳಿವೆ. 2ರಲ್ಲಿ ಮೊದಲ ಪಾಠವನ್ನು ಚಿನ್ನದ ಪದಕ ಬರುವವರೆಗೆ ಆಡಿ, ಬೇರೆ ವಿಡಿಯೋ ಬೇಕಾಗುವುದಿಲ್ಲ.

ಡಿಸ್ಕ್ ಜಾಗ: 2ರ ಎನ್‌ಹಾನ್ಸ್ಡ್ ಗ್ರಾಫಿಕ್ಸ್ ಪ್ಯಾಕ್ ಪುಕ್ಕಟೆ ಎಂದು ಇಳಿಸಿಕೊಳ್ಳಬೇಡಿ. 4ಕೆ ಪರದೆ ಇಲ್ಲದವರಿಗೆ ಅದರಿಂದ ಜಾಗ ಹೋಗುವುದಷ್ಟೇ ಲಾಭ.

ದುಡ್ಡು ಎಲ್ಲಿ ಹಾಕುವುದು

2ಕ್ಕೆ ಹೊಸ ವಿಸ್ತರಣೆಗಳು ಬರುತ್ತಲೇ ಇವೆ, ಆದರೆ ಒಂದನ್ನೂ ಕೊಳ್ಳದೆ ಮೂಲ ಡೆಫಿನಿಟಿವ್ ಎಡಿಷನ್ ಒಂದರಲ್ಲೇ ವರ್ಷಗಟ್ಟಲೆ ಆಡಬಹುದು. ವಿಸ್ತರಣೆ ಬೇಕೇ ಎನ್ನುವ ಪ್ರಶ್ನೆ ಮೊದಲ ನೂರು ಪಂದ್ಯದ ನಂತರದ್ದು. 3ಕ್ಕೆ 2025ರ ಜನವರಿಯಲ್ಲಿ ಮುಂದಿನ ವಿಸ್ತರಣೆ ರದ್ದಾಯಿತು, ಹೊಸದೇನೂ ಸೇರುವುದಿಲ್ಲ ಎಂದು ಹೇಳಿಬಿಟ್ಟರು. ಇರುವುದು ಆಡುವುದಕ್ಕೆ ಅದರಿಂದ ತೊಂದರೆಯಿಲ್ಲ, ಆದರೆ ಉಳಿದಿರುವ ತೊಡಕುಗಳು ಹಾಗೇ ಉಳಿಯುತ್ತವೆ ಎಂದುಕೊಂಡೇ ಕೊಳ್ಳಬೇಕು. 2023ರಿಂದ 3ರ ಪುಕ್ಕಟೆ ಆವೃತ್ತಿಯೂ ಇದೆ. ಅದರಲ್ಲಿ ಕೆಲವೇ ನಾಗರಿಕತೆಗಳು ಸರದಿಯಂತೆ ಸಿಗುತ್ತವೆ. ಹೋಮ್ ಸಿಟಿ ನಿಮಗೆ ಒಗ್ಗುತ್ತದೋ ಇಲ್ಲವೋ ತಿಳಿಯಲು ಅಷ್ಟು ಸಾಕು, ಅದನ್ನು ಆಡದೆ ದುಡ್ಡು ಕೊಡಬೇಡಿ.

2021ರಲ್ಲಿ ಬಂದ 4 ಕಲ್ಲನ್ನೂ ಲಂಬರ್ ಕ್ಯಾಂಪನ್ನೂ ಮರಳಿ ತಂದು ಹೋಮ್ ಸಿಟಿಯನ್ನು ಹೊರಗಿಟ್ಟಿತು ಎನ್ನುವುದನ್ನು 3ರ ಅಭಿಮಾನಿಗಳ ಮುಂದೆ ಹೇಳಬೇಡಿ, ಸಂಜೆ ಪೂರ್ತಿ ವಾದವಾಗುತ್ತದೆ.

ವಾರಕ್ಕೆ ಎರಡು ಮೂರು ಪಂದ್ಯ, ಒಂದೇ ನಾಗರಿಕತೆ, ಸೋತಾಗ ರಿಪ್ಲೇ ನೋಡುವ ಚಟ: ನನ್ನ ಆಟ ಇಷ್ಟು. ಅದಕ್ಕೆ 2 ಹೊಂದುತ್ತದೆ. ಪಂದ್ಯಕ್ಕೆ ಮೊದಲು ಕೂತು ಡೆಕ್ ಜೋಡಿಸುವುದೇ ಖುಷಿ ಎನ್ನುವವರು, ಕಾರ್ಡ್ ಆಟಗಳ ರುಚಿ ಇರುವವರು, ಬಂದೂಕಿನ ಕಾಲದ ಯುದ್ಧ ಬೇಕೆನ್ನುವವರು 3ರಲ್ಲಿ ಹೆಚ್ಚು ಸುಖವಾಗಿರುತ್ತಾರೆ.

ಅಂಥವರು ಬ್ರಿಟಿಷರಿಂದ ಶುರುಮಾಡಲಿ. ಡೆಕ್‌ನಲ್ಲಿ ಮೊದಲ ಯುಗಕ್ಕೆ ಮೂರು ನಾಲ್ಕು ಕಾರ್ಡ್ ಸಾಕು. ಎರಡನೆಯ ಮತ್ತು ಮೂರನೆಯ ಯುಗಕ್ಕೆ ಎಂಟೊಂಬತ್ತರಂತೆ ಇಡಿ, ನಾಲ್ಕನೆಯದಕ್ಕೆ ಎರಡು ಫ್ಯಾಕ್ಟರಿ ಮತ್ತು ಇನ್ನೊಂದೆರಡು. ಕೊನೆಯ ಯುಗದ ಕಾರ್ಡ್‌ಗಳನ್ನು ತುಂಬಬೇಡಿ, ಅಲ್ಲಿಗೆ ಹೋಗಲು 4000 ಆಹಾರ ಮತ್ತು 4000 ಕಾಯಿನ್ ಬೇಕು, ಬಹಳಷ್ಟು ಪಂದ್ಯ ಅದಕ್ಕೆ ಮೊದಲೇ ಮುಗಿದಿರುತ್ತದೆ. ಮೊದಲ ಶಿಪ್‌ಮೆಂಟ್ ಮೂವರು ವಿಲೇಜರ್. 800 ಆಹಾರ ಸೇರಿದ ಕೂಡಲೇ ಎರಡನೆಯ ಯುಗವಾದ ಕಾಮರ್ಸ್ ಏಜ್, ಅಲ್ಲಿ ಮೊದಲ ಕಾರ್ಡ್ 700 ಮರ. ಬ್ರಿಟಿಷರ ಮನೆಯಾದ ಮ್ಯಾನರ್‌ಗೆ 135 ಮರ, ಪ್ರತಿ ಮ್ಯಾನರ್ ಜೊತೆ ಒಬ್ಬ ವಿಲೇಜರ್ ಪುಕ್ಕಟೆ ಬರುತ್ತಾನೆ. 700 ಮರದಲ್ಲಿ ಐದು ಮ್ಯಾನರ್ ಏಳುತ್ತವೆ, ಐವರು ಹೊಸ ವಿಲೇಜರ್, 50 ಜನರಿಗೆ ಜಾಗ, ಮಿಕ್ಕಿದ್ದು 25 ಮರ. ಆ ಐವರನ್ನೂ ಮತ್ತೆ ಮರಕ್ಕೇ ಹಾಕಿ, ಬ್ಯಾರಕ್ಸ್ ಇನ್ನೂ ಎದ್ದಿಲ್ಲ.